ಮೈಕಿನಲ್ಲಿ ಹಾಜರಿ

ನಮ್ಮ ಶಾಲೆಯ ಗಂಟೆ ಕೆಟ್ಟರೆ ಯಾರೂ ಗಾಬರಿಯಾಗುತ್ತಿರಲಿಲ್ಲ. ಮಿಸ್ ಇದ್ದರಲ್ಲ. ಅವರು ಮೂರನೆಯ ತರಗತಿಯ ಬಾಗಿಲಿಗೆ ಬಂದು "ಸಾಕು, ಏಳಿ" ಅಂದರೆ ಇಡೀ ಶಾಲೆ ಚೀಲ ಹೆಗಲಿಗೇರಿಸಿಕೊಳ್ಳುತ್ತಿತ್ತು. ಪಕ್ಕದ ಬೀದಿಯ ಹಿಟ್ಟಿನ ಗಿರಣಿಯವನೂ ಆ ಕೂಗು ಕೇಳಿಯೇ ಊಟಕ್ಕೆ ಏಳುತ್ತಿದ್ದನಂತೆ. ನಾನು ಕಂಡದ್ದಲ್ಲ, ಆದರೆ ನಂಬುತ್ತೇನೆ.

ಉಳಿದ ಟೀಚರುಗಳಿಗೆಲ್ಲ ಹೆಸರಿನ ಹಿಂದೆ ಮಿಸ್ ಎಂಬುದು ಬಾಲದಂತೆ ಇರುತ್ತಿತ್ತು. ಇವರಿಗೆ ಹೆಸರಿಲ್ಲ, ಬರೀ ಮಿಸ್. ಇಲ್ಲಿಯೂ ನಾನು ಹೆಸರು ಬರೆಯುವುದಿಲ್ಲ. ನಿವೃತ್ತರಾದ ಮೇಲೆ ಅವರು ಮಲ್ಲೇಶ್ವರದಲ್ಲಿ ತಮ್ಮನ ಮನೆಗೆ ಹೋಗಿ ಸೇರಿಕೊಂಡಿದ್ದಾರೆ. ಹೆಸರು ಹಾಕಿದರೆ ಯಾರಾದರೂ ಓದಿ ಹೇಳುತ್ತಾರೆ, ಅವರು ಫೋನು ಮಾಡುತ್ತಾರೆ. ಆ ಫೋನನ್ನು ಕಿವಿಯಿಂದ ಮೊಳ ದೂರ ಹಿಡಿದುಕೊಂಡು ಬೈಸಿಕೊಳ್ಳುವ ಶಕ್ತಿ ನನಗೆ ಈಗ ಇಲ್ಲ.

ಮಿಸ್‌ಗೆ ಅಷ್ಟು ದೊಡ್ಡ ಗಂಟಲು ಬಂದದ್ದು ಅವರ ಅಕ್ಕನಿಂದ. ಅಕ್ಕ ತಂಗಿ ಇಬ್ಬರೇ ಚಾಮರಾಜಪೇಟೆಯ ಒಂದು ಹಳೆಯ ಮನೆಯ ಮುಂಭಾಗದಲ್ಲಿ ಬಾಡಿಗೆಗೆ ಇದ್ದರು. ಬೀದಿಗೆ ತೆರೆದುಕೊಂಡ ಜಗಲಿ, ಸರಳಿನ ಕಿಟಕಿ. ಅಕ್ಕನಿಗೆ ಚಿಕ್ಕಂದಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ತಂಗಿ ಕೂಗಿ ಕೂಗಿ ಮಾತಾಡುತ್ತಾ ಬೆಳೆದರು. ಆದರೆ ಅಕ್ಕ ಎದುರಿಗಿದ್ದವರ ತುಟಿ ನೋಡಿಯೇ ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದರಂತೆ, ಕೂಗುವ ಅಗತ್ಯವೇ ಇರಲಿಲ್ಲವಂತೆ. ಇದು ತಂಗಿಗೆ ಗೊತ್ತಾಗುವ ಹೊತ್ತಿಗೆ ಗಂಟಲು ಬೆಳೆದುಬಿಟ್ಟಿತ್ತು.

ನಾನು ಆ ಶಾಲೆಗೆ ವರ್ಗವಾಗಿ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಾನು ಬಸವನಗುಡಿಯವನು, ಗುಮಾಸ್ತರ ಮಗ. ಇಸ್ತ್ರಿ ಅಂಗಿ, ಕೈಯಲ್ಲಿ ಕೊಡೆ, ಎಲ್ಲದಕ್ಕೂ ನಿಯಮ ಏನಿದೆ ಎಂದು ಕೇಳುವ ಚಾಳಿ. ಮಿಸ್ ನನ್ನನ್ನು ಮೊದಲ ದಿನವೇ ಮೇಲಿಂದ ಕೆಳಗೆ ನೋಡಿ "ಬಸವನಗುಡಿ ಸಾರ್" ಎಂದು ಹೆಸರಿಟ್ಟರು. ಅದು ಹದಿನೈದು ವರ್ಷ ಕಳೆದರೂ ಹೋಗಲಿಲ್ಲ. ಕುಳ್ಳಗೆ, ದಪ್ಪಗೆ ಇದ್ದರು. ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ತುರುಬಿನಲ್ಲಿ ಕೆಂಪು ಪೆನ್ನು ಚುಚ್ಚಿಕೊಂಡು ಅದೇ ಪೆನ್ನನ್ನು ಶಾಲೆಯೆಲ್ಲ ಹುಡುಕುತ್ತಿದ್ದರು, ಸಿಕ್ಕದಿದ್ದರೆ ನನ್ನ ಜೇಬಿನ ಪೆನ್ನು ಹೋಗುತ್ತಿತ್ತು. ನನ್ನ ಊಟದ ಡಬ್ಬಿಯ ಮೇಲೂ ಅವರಿಗೆ ಹಕ್ಕಿತ್ತು. ನನ್ನ ಹೆಂಡತಿ ಹುಳಿಯನ್ನಕ್ಕೆ ಕಡಲೆಬೀಜ ಕಡಿಮೆ ಹಾಕಿದ್ದಾಳೆ ಎಂದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಒಂದು ದೋಷವನ್ನು ಹೇಳಲೇಬೇಕು. ಗುಟ್ಟು ಅವರ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೆಡ್‌ಮಾಸ್ಟರು ಸಕ್ಕರೆ ಕಾಯಿಲೆಯ ಸಂಗತಿಯನ್ನು ಇವರೊಬ್ಬರಿಗೇ ಪಿಸುಮಾತಿನಲ್ಲಿ ಹೇಳಿಕೊಂಡಿದ್ದರು. ಮಧ್ಯಾಹ್ನ ಅಡುಗೆಯವಳು "ಸಾರ್‌ಗೆ ಸಕ್ಕರೆ ಇಲ್ದೆ ಕಾಫಿ" ಅಂತ ಲೋಟ ತಂದಿಟ್ಟಳು. ಮಿಸ್ ಯಾರಿಗೂ ಬೇಕೆಂದು ಹೇಳಿರಲಿಲ್ಲ. ಅವರು ಒಬ್ಬರಿಗೆ ಹೇಳಿದರೆ ಎಲ್ಲರಿಗೂ ಕೇಳಿಸುತ್ತಿತ್ತು, ಅಷ್ಟೇ.

ಅವರ ಹಾಜರಿಯ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ನಾವೆಲ್ಲ ಬಂದ ಮಕ್ಕಳನ್ನು ಕೂಗಿ ಗುರುತು ಹಾಕಿ ಪಾಠಕ್ಕೆ ಇಳಿಯುತ್ತಿದ್ದೆವು. ಅವರ ಕಣ್ಣು ಮಾತ್ರ ಖಾಲಿ ಜಾಗದ ಮೇಲೆ. ಯಾರಾದರೂ ಬಂದಿಲ್ಲವೆಂದರೆ ಅಲ್ಲೇ ನಿಂತು ತರಗತಿಗೆಲ್ಲ ಕೇಳುತ್ತಿದ್ದರು: ಯಾಕೆ ಬಂದಿಲ್ಲ? ಮಕ್ಕಳು ಒಂದೇ ದನಿಯಲ್ಲಿ ಉತ್ತರ ಕೊಡುತ್ತಿದ್ದರು. ಮಾರ್ಕೆಟ್‌ಗೆ ಹೋಗಿದಾನೆ ಮಿಸ್, ಊರಿಗೆ ಹೋಗಿದಾಳೆ ಮಿಸ್, ಅವರಪ್ಪ ಹೊಡೆದಿದಾರೆ ಮಿಸ್. ಯಾವ ಮನೆಯಲ್ಲಿ ಏನಾಗಿದೆ ಎಂಬುದು ಹಾಗೆ ಪ್ರತಿದಿನ ಬೆಳಿಗ್ಗೆ ಅವರ ಕೈಗೆ ಬರುತ್ತಿತ್ತು. ಸಂಜೆ ಆ ಮನೆಯ ಬಾಗಿಲಲ್ಲಿ ಅವರು ನಿಂತಿರುತ್ತಿದ್ದರು.

"ಬರದೇ ಇರೋರನ್ನ ಮೊದ್ಲು ನೋಡಿ ಸಾರ್. ಬಂದಿರೋರು ಎಲ್ಲಿಗೂ ಹೋಗಲ್ಲ," ಎಂದು ನನಗೂ ಒಮ್ಮೆ ಪಾಠ ಹೇಳಿದ್ದರು.

ನಮ್ಮ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರಿಗೆ ಮಾರುಕಟ್ಟೆಯಲ್ಲಿ ಕೆಲಸ. ಸೊಪ್ಪು, ಹೂವು, ಬಾಳೆಲೆ. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಹೊರಡುತ್ತಿದ್ದರು. ಒಂದು ಹುಡುಗಿ ವಾರಗಟ್ಟಲೆ ಬರಲಿಲ್ಲ, ಮಿಸ್ ಹೋಗಿ ನೋಡಿದರೆ ಅವಳು ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡು ಕೂತಿದ್ದಳು. ಮಿಸ್ ತಾಯಿಗೆ ಬೈಯಲಿಲ್ಲ. ಪಾಪುವನ್ನೂ ಕರೆದುಕೊಂಡು ಬರಲಿ ಅಂದರು. ತಮ್ಮದೊಂದು ಹಳೆಯ ಸೀರೆ ತಂದು ತರಗತಿಯ ಕಿಟಕಿಯ ಸರಳಿಗೂ ಕಂಬಕ್ಕೂ ಜೋಲಿ ಕಟ್ಟಿದರು. ಒಂದು ಜೋಲಿ ಎರಡಾಯಿತು. ಮಗ್ಗಿ ಹೇಳುವಾಗ ಇಬ್ಬರು ಜೋಲಿ ತೂಗುವುದು ಅಲ್ಲಿಯ ಪದ್ಧತಿಯಾಯಿತು. ತಪಾಸಣೆಗೆ ಬಂದ ಸಾಹೇಬರು ಅದನ್ನು ನೋಡಿ ಇದೇನು ಶಾಲೆಯೋ ಹೆರಿಗೆ ಆಸ್ಪತ್ರೆಯೋ ಎಂದು ಕೇಳಿದರು.  ಮಿಸ್ ಶಾಂತವಾಗಿ, ಜೋಲಿ ಬಿಚ್ಚಿದರೆ ಅಕ್ಕಂದಿರೂ ಹೋಗುತ್ತಾರೆ, ತಾವೇ ಬಿಚ್ಚಿ ನೋಡಿ ಸಾರ್ ಅಂದರು. ಸಾಹೇಬರು ಬಿಚ್ಚಲಿಲ್ಲ. ಮುಂದಿನ ವರ್ಷ ನಮ್ಮ ಶಾಲೆಯ ಪಕ್ಕದ ಕೋಣೆಯಲ್ಲೇ ಅಂಗನವಾಡಿ ಶುರುವಾಯಿತು. ಸರ್ಕಾರವೆಂದರೆ ಕಲ್ಲುಗುಂಡು ಎಂದು ನಾವು ಬಸವನಗುಡಿಯ ಕಟ್ಟೆಯ ಮೇಲೆ ಕೂತು ಮಾತಾಡಿಕೊಳ್ಳುತ್ತಿದ್ದೆವು. ಅದು ಅಲುಗುವುದನ್ನು ನಾನು ಮೊದಲು ನೋಡಿದ್ದು ಆಗ.

ಎರಡನೆಯ ಸಲ ನೋಡಿದ್ದು ಹಂದಿಜ್ವರದ ವರ್ಷ.

ಈಗ ಅದನ್ನು ನೆನೆಸಿಕೊಂಡರೆ ಅಷ್ಟೇನಾ ಅನಿಸಬಹುದು. ಆಗ ಹಾಗಿರಲಿಲ್ಲ. ಟೀವಿಯಲ್ಲಿ ದಿನವಿಡೀ ಅದೇ ಸುದ್ದಿ. ನಗರ್ತಪೇಟೆಯಲ್ಲಿ ರವಿಕೆ ಕಣ ಮಾರುವವರೂ ಮುಖಕ್ಕೆ ಕಟ್ಟುವ ಬಟ್ಟೆ ಹೊಲಿಸಿ ಮಾರಲು ಕೂತರು. ಬಸ್ಸಿನಲ್ಲಿ ಒಬ್ಬ ಸೀನಿದರೆ ಅವನ ಸುತ್ತಲಿನ ಸೀಟುಗಳು ಖಾಲಿಯಾಗುತ್ತಿದ್ದವು. ಇಲಾಖೆಯಿಂದ ಬೆಳಿಗ್ಗೆ ಒಂದು ಫೋನು, ಸಂಜೆ ಇನ್ನೊಂದು. ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಬೇಡಿ ಅಂದರು. ಕೆಮ್ಮುವ ಮಗುವನ್ನು ಮನೆಗೆ ಕಳಿಸಿ ಅಂದರು. ಕೊನೆಗೆ ಊರಿನ ಶಾಲೆಗಳಿಗೆಲ್ಲ ರಜೆ ಎಂದು ಹೇಳಿಬಿಟ್ಟರು. ಅಂಗನವಾಡಿಯೂ ಮುಚ್ಚಿತು. ಮೇಷ್ಟ್ರುಗಳಿಗೆ ಮಾತ್ರ ರಜೆಯಿಲ್ಲ. ಮನೆ ಮನೆಗೆ ಹೋಗಿ ಕೈ ತೊಳೆಯುವುದನ್ನು ಹೇಳಿಕೊಡಬೇಕು, ಜ್ವರ ಬಂದವರನ್ನು ಆಸ್ಪತ್ರೆಗೆ ಕಳಿಸಬೇಕು. ಬೈಯುವುದು ಸುಲಭ, ನಾವೂ ಬೈದೆವು. ಆದರೆ ಅವರಿಗೂ ಅದು ಹೊಸದೇ, ಕತ್ತಲಲ್ಲಿ ಗೋಡೆ ಸವರಿಕೊಂಡು ಹೋಗುತ್ತಿದ್ದರು.

ಮಿಸ್‌ಗೆ ಹತ್ತಿದ ಚಿಂತೆ ಬೇರೆ. ಶಾಲೆಯ ಜೊತೆ ಬಿಸಿಯೂಟ ನಿಂತಿತ್ತು. ತಾಯಂದಿರ ವ್ಯಾಪಾರ ನಿಲ್ಲುವಂತಿರಲಿಲ್ಲ. ಮನೆಯಲ್ಲಿ ಬಿಟ್ಟರೆ ನೋಡಿಕೊಳ್ಳುವವರಿಲ್ಲ ಎಂದು ಅವರು ಮಕ್ಕಳನ್ನು ಮಾರುಕಟ್ಟೆಗೇ ಕರೆದುಕೊಂಡು ಹೋಗತೊಡಗಿದರು. ಊರಿನ ಅರ್ಧ ಜನ ಮೈಗೆ ಮೈ ತಾಗಿಸಿಕೊಂಡು ಓಡಾಡುವ ಜಾಗ ಅದು. ಅಲ್ಲಿ ಸೊಪ್ಪಿನ ಗೋಣಿಗಳ ನಡುವೆ ನಮ್ಮ ಎರಡನೆಯ ತರಗತಿ ಕೂತಿರುವುದನ್ನು ಮಿಸ್ ಕಣ್ಣಾರೆ ನೋಡಿ ಬಂದರು. ಶಾಲೆ ಮುಚ್ಚಿ ಏನು ಬಂತು ಸಾರ್, ಇದಕ್ಕಿಂತ ಶಾಲೆಯೇ ವಾಸಿಯಾಗಿತ್ತು ಎಂದು ನನ್ನ ಮುಂದೆ ಕೂಗಾಡಿದರು. ಫೋನಿನ ಮೇಲೆ ಫೋನು ಮಾಡಿದರು. ಅಕ್ಕಿ ಬೇಳೆಯನ್ನು ಮನೆಗೇ ಕೊಡಬಹುದು, ಅಂಗನವಾಡಿಯ ಪುಟಾಣಿಗಳಿಗೆ ಕೊಡುವ ಹಿಟ್ಟಿನ ಪೊಟ್ಟಣವನ್ನೂ ಮನೆಗೇ ತಲುಪಿಸಬಹುದು ಎಂದು ಮೇಲಿನಿಂದ ಮಾತು ಬಂತು. ಹೊಟ್ಟೆಯದು ಸರಿಹೋಯಿತು. ಆದರೆ ಮಕ್ಕಳನ್ನು ಮನೆಯಲ್ಲಿ ಕೂರಿಸುವುದು ಹೇಗೆ?

ಆಗ ಗಣೇಶನ ಹಬ್ಬ ಹತ್ತಿರದಲ್ಲಿತ್ತು. ಶಾಲೆಯ ಹಿಂದಿನ ಬೀದಿಯಲ್ಲಿ ಪೆಂಡಾಲಿನ ಬೊಂಬು ಎದ್ದಿತ್ತು, ದೀಪದ ಕಂಬಕ್ಕೆ ಮೈಕಿನ ಹಾರನ್ ಕಟ್ಟಿಯಾಗಿತ್ತು. ಆ ಬೀದಿಯ ಗಣೇಶನ ಸಂಘಕ್ಕೆ ಮುನಿರಾಜು ಯಜಮಾನ. ಈರುಳ್ಳಿ ಮಂಡಿಯವನು, ನಲವತ್ತು ದಾಟಿದ ಭಾರಿ ಆಳು. ಒಂದು ಕಾಲದಲ್ಲಿ ಮಿಸ್ ಹತ್ತಿರ ಕಿವಿ ಹಿಂಡಿಸಿಕೊಂಡವನು. ಮಿಸ್ ಹೋಗಿ ಅವನ ಮೈಕ್ ಕೇಳಿದರು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಮಕ್ಕಳು ಅವರವರ ಮನೆಯ ಬಾಗಿಲಲ್ಲೇ ಕೂರುತ್ತಾರೆ, ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ, ಪಾಠ ಮೈಕಿನಲ್ಲಿ. ಮನೆಯಲ್ಲಿರುವ ಅಜ್ಜಿಯರು, ಪಕ್ಕದವರು ಹೇಗೂ ಬಾಗಿಲಿಗೆ ಬಂದು ಕೂರುತ್ತಾರೆ, ಮಕ್ಕಳ ಮೇಲೆ ಕಣ್ಣಿರುತ್ತದೆ. ಇದಕ್ಕೆ ನಿಯಮ ಏನಿದೆ ಎಂದು ನಾನು ಕೇಳಿದೆ. "ನಿಮ್ಗೆ ಗಣಿತ ಕೊಡ್ತೀನಿ ಸಾರ್, ಸಂಜೆ ಬನ್ನಿ," ಎಂದಷ್ಟೇ ಅಂದರು.

ಮೊದಲ ದಿನ ನೋಡಲು ಚಂದವಿತ್ತು. ಬೀದಿಯ ಎರಡೂ ಬದಿಯ ಹೊಸ್ತಿಲುಗಳ ಮೇಲೆ ಮೂಗಿಗೆ ಕರ್ಚೀಫು ಕಟ್ಟಿದ ಮಕ್ಕಳು, ಮಡಿಲಲ್ಲಿ ಸ್ಲೇಟು. ಅರ್ಧ ಕಟ್ಟಿದ ಪೆಂಡಾಲಿನ ಕೆಳಗೆ, ಗಣೇಶ ಕೂರುವ ಜಾಗದಲ್ಲಿ, ಮಿಸ್. ಮುನಿರಾಜು ಹಲೋ ಹಲೋ ಎಂದು ಊದಿ ಮೈಕನ್ನು ಅವರ ಕೈಗೆ ಕೊಟ್ಟ. ಆ ಗಂಟಲಿಗೆ ಮೈಕ್ ಬೇರೆ. ಪಾರಿವಾಳಗಳು ಎದ್ದು ಹೋದವು.

ಮಿಸ್ ರೂಢಿಯಂತೆ ಹಾಜರಿಯಿಂದ ಶುರು ಮಾಡಿದರು. ಒಬ್ಬೊಬ್ಬರ ಹೆಸರು ಕೂಗಿದಂತೆ ಆಚೆ ಬಾಗಿಲಿನಿಂದ, ಈಚೆ ಬಾಗಿಲಿನಿಂದ ಹಾಜರ್ ಮಿಸ್ ಎಂದು ಬರುತ್ತಿತ್ತು. ಜನ ನಗುತ್ತಾ ಹೊರಗೆ ಬಂದು ನಿಂತರು. ಪವಿತ್ರ ಎಂದು ಕೂಗಿದಾಗ ಉತ್ತರ ಬರಲಿಲ್ಲ. ಮಿಸ್ ಇನ್ನೊಮ್ಮೆ ಕೂಗಿದರು. ಆಮೇಲೆ ಮೂವತ್ತು ವರ್ಷ ದಾಟಿದ ಅಭ್ಯಾಸ ತಾನಾಗಿ ಬಾಯಿಗೆ ಬಂತು.

"ಪವಿತ್ರ ಯಾಕೆ ಬಂದಿಲ್ಲ?"

ಇಡೀ ಬೀದಿಯ ಮಕ್ಕಳು ಒಂದೇ ದನಿಯಲ್ಲಿ ಹೇಳಿದವು. "ಜ್ವರ ಮಿಸ್."

ನಗು ನಿಂತಿತು. ಮೊದಲು ಒಂದು ಮನೆಯ ತಾಯಿ ಮಗುವಿನ ರೆಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಆಮೇಲೆ ಒಂದರ ಹಿಂದೆ ಒಂದು ಬಾಗಿಲು ಮುಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಮಿಸ್, ಮುನಿರಾಜು, ನಾನು ಮೂವರೇ. ಒಂದು ಹೊಸ್ತಿಲ ಮೇಲೆ ಯಾರದೋ ಸ್ಲೇಟು ಬಿದ್ದಿತ್ತು. ಮಿಸ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅವರು ಮಾತಿಲ್ಲದೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಪವಿತ್ರಳ ತಾಯಿ ಜಯಮ್ಮ. ಗಂಡನಿಲ್ಲ, ಮಾರುಕಟ್ಟೆಯಲ್ಲಿ ಸೊಪ್ಪಿನ ವ್ಯಾಪಾರ. ಅದೇ ಬೀದಿಯ ವಠಾರದಲ್ಲಿ ಕೊನೆಯ ಮನೆ, ಎಲ್ಲ ಮನೆಗಳಿಗೂ ಅಂಗಳದಲ್ಲಿ ಒಂದೇ ನಲ್ಲಿ. ಮಗಳಿಗೆ ಹಿಂದಿನ ದಿನದಿಂದ ಜ್ವರ. ಆಸ್ಪತ್ರೆಗೆ ತೋರಿಸಿದರೆ ಮಗುವನ್ನು ಅಲ್ಲೇ ಇಟ್ಟುಕೊಂಡು ಕಳಿಸುವುದೇ ಇಲ್ಲ ಎಂದು ಮಾರುಕಟ್ಟೆಯಲ್ಲಿ ಯಾರೋ ಹೆದರಿಸಿದ್ದರಿಂದ ಅವಳು ಸುಮ್ಮನಿದ್ದಳು. ಮಧ್ಯಾಹ್ನ ಬುಟ್ಟಿ ಇಳಿಸುವ ಹೊತ್ತಿಗೆ ವಠಾರದ ಯಜಮಾನಿ ಅವಳ ಕೊಡಗಳನ್ನು ನಲ್ಲಿಯಿಂದ ದೂರ ಎತ್ತಿಟ್ಟಿದ್ದಳು. ನೀರು ಮುಟ್ಟಬೇಡ, ನಾಳೆಯೊಳಗೆ ಮನೆ ಖಾಲಿ ಮಾಡು ಎಂದೂ ಹೇಳಿದ್ದಳು. ಜಯಮ್ಮ ಮಗಳನ್ನು ಎತ್ತಿಕೊಂಡು ಸಂಜೆಯ ಬಸ್ಸಿಗೆ ಕೋಲಾರದ ಕಡೆ ಅಣ್ಣನ ಮನೆಗೆ ಹೊರಟು, ಹೋಗುವ ಮೊದಲು ಶಾಲೆಯ ಗೇಟಿಗೆ ಬಂದಳು.

"ನಿಮ್ಗೇನ್ ಮಾಡಿದ್ದೆ ಮಿಸ್ ನಾನು? ನನ್ ಮಗೂಗೆ ಜ್ವರ ಅಂತ ಊರ್ಗೆಲ್ಲ ಕೇಳೋ ಹಂಗೆ ಕೂಗಿಸ್ಬಿಟ್ರಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. ಹೆಗಲ ಮೇಲೆ ಹುಡುಗಿ ಕಣ್ಣು ಮುಚ್ಚಿ ಬಿದ್ದಿತ್ತು, ಉಸಿರು ಬಿರುಸಾಗಿತ್ತು. ಅದನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ಅಷ್ಟು ದೂರ ಕರೆದುಕೊಂಡು ಹೋದರೆ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಈಗಲೂ ಧೈರ್ಯವಿಲ್ಲ. ಮಿಸ್ ಸಮಜಾಯಿಷಿ ಕೊಡಲಿಲ್ಲ. ತಪ್ಪು ನನ್ನದು ಕಣಮ್ಮ, ಬಾ ಅಂದರು. ಮೂಗಿಗೆ ಸೆರಗು ಕಟ್ಟಿಕೊಂಡು ಜಯಮ್ಮನನ್ನೂ ಮಗುವನ್ನೂ ಆಟೋ ಹತ್ತಿಸಿ ತಾವೂ ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋದರು.

ಅಲ್ಲಿ ಯಾರೂ ಮಗುವನ್ನು ಕಿತ್ತುಕೊಳ್ಳಲಿಲ್ಲ. ಅಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರು, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಗಂಟಲು ನೋಡಿ, ಪರೀಕ್ಷೆಗೆ ಕಳಿಸಿ, ಮಾತ್ರೆ ಕೊಟ್ಟಳು. ಮನೆಯಲ್ಲೇ ಬೇರೆ ಮಲಗಿಸಿ, ನೀರು ಗಂಜಿ ಚೆನ್ನಾಗಿ ಕೊಡಿ, ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಕರೆದುಕೊಂಡು ಬನ್ನಿ ಅಂದಳು. ಅಂದರೆ ಮಗುವಿಗೆ ಈಗ ಮದ್ದಿಗಿಂತ ಹೆಚ್ಚಾಗಿ ಬೇಕಾಗಿದ್ದು ಮನೆ, ಮತ್ತು ಆ ಮನೆಗೆ ನೀರು. ಎರಡನ್ನೂ ಆ ದಿನ ಬೆಳಿಗ್ಗೆ ಮಿಸ್ಸೇ ಕಳೆದಿದ್ದರು.

ಯಜಮಾನಿ ಒಂದು ರಾತ್ರಿಯ ಮಟ್ಟಿಗೆ ಸುಮ್ಮನಾದಳು. ಮಾರನೆಯ ಬೆಳಿಗ್ಗೆ ಮಿಸ್ ನನಗೂ ಮುನಿರಾಜುವಿಗೂ ಮೈಕಿನ ವೈರು ಎಳೆಯಲು ಹೇಳಿದರು. ಪೆಂಡಾಲಿನಿಂದ ವಠಾರದ ಬಾಗಿಲಿನವರೆಗೆ. ಮುನಿರಾಜು ಬೇಡ ಮಿಸ್, ಯಾರೂ ಬರಲ್ಲ, ಇನ್ನೂ ಜಾಸ್ತಿ ಆಗುತ್ತೆ ಅಂದ. ನಾನೂ ಅದನ್ನೇ ಅಂದೆ. ಅವರು ಕೇಳಲಿಲ್ಲ. ಪವಿತ್ರ ಮಲಗಿದ್ದ ಮನೆಯ ಕಿಟಕಿಯ ಎದುರು, ಡಾಕ್ಟರು ಹೇಳಿದಷ್ಟು ದೂರ ಬಿಟ್ಟು, ಅಂಗಳದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಬಾಗಿಲುಗಳೆಲ್ಲ ಅರ್ಧ ತೆರೆದಿದ್ದವು. ಏನು ಮಾಡುತ್ತಾರೆ ಎಂಬ ಕುತೂಹಲ ಭಯಕ್ಕಿಂತ ದೊಡ್ಡದು.

"ನಾನು ಮಿಸ್ ಮಾತಾಡ್ತಿದೀನಿ," ಎಂದು ಶುರು ಮಾಡಿದರು. ಬೇರೆ ಯಾರು ಮಾತಾಡಿದರೂ ಗೊತ್ತಾಗುತ್ತಿತ್ತು ಎಂಬಂತೆ. "ನಿನ್ನೆ ನಾನು ಮೈಕಲ್ಲಿ ಕೇಳಬಾರದ್ದು ಕೇಳ್ದೆ. ತಪ್ಪು ನಂದು, ಮಗೂದಲ್ಲ, ಅವರಮ್ಮಂದೂ ಅಲ್ಲ. ಈಗ ಹಾಜರಿ ತಗೋತೀನಿ."

ಹೆಸರುಗಳನ್ನು ಕೂಗಿದರು. ಅಲ್ಲೊಂದು ಇಲ್ಲೊಂದು ಬಾಗಿಲ ಸಂದಿಯಿಂದ ಸಣ್ಣಗೆ ಹಾಜರ್ ಮಿಸ್ ಎಂದು ಬಂತು. ಪವಿತ್ರಳ ಹೆಸರು ಬಂದಾಗ ಒಂದು ಕ್ಷಣ ನಿಲ್ಲಿಸಿದರು.

"ಪವಿತ್ರ ಹಾಜರ್. ಡಾಕ್ಟ್ರು ಹೇಳಿದ ಹಂಗೆ ಮನೇಲಿ ಮಲಗಿದಾಳೆ. ಜ್ವರ ಬಂದಾಗ ಮನೇಲಿರೋದೇ ಹಾಜರಿ. ಜ್ವರ ಮುಚ್ಚಿಟ್ಕೊಂಡು ಹೊರಗೆ ಬರೋರಿಗೇ ಗೈರುಹಾಜರಿ ಹಾಕ್ತೀನಿ." ಆಮೇಲೆ ದನಿ ಇಳಿಸಿದರು, ಅಂದರೆ ಉಳಿದವರು ಕೂಗುವಷ್ಟು ಮಟ್ಟಕ್ಕೆ. "ಅವರ ಮನೆಗೆ ನೀರಿಲ್ಲ. ಯಾರು ತಂದಿಡ್ತೀರಾ?"

ಯಾವ ಬಾಗಿಲೂ ಪೂರ್ತಿ ತೆರೆಯಲಿಲ್ಲ. ಮಿಸ್ ಪಾಠ ಶುರು ಮಾಡಲಿಲ್ಲ. ಮೈಕ್ ಹಿಡಿದುಕೊಂಡು ಸುಮ್ಮನೆ ಕೂತರು. ಕಾಯುವುದೆಂದರೆ ಆಗದ ಹೆಂಗಸು, ಅಷ್ಟು ಹೊತ್ತು ಹೇಗೆ ಕಾದರೋ. ಕೊನೆಗೆ ಮುನಿರಾಜು ಗೊಣಗಿಕೊಳ್ಳುತ್ತಾ ಹೋಗಿ ತನ್ನ ಮನೆಯಿಂದ ಒಂದು ಕೊಡ ನೀರು ತಂದು ಜಯಮ್ಮನ ಹೊಸ್ತಿಲಿನಿಂದ ಸ್ವಲ್ಪ ಆಚೆ ಇಟ್ಟು ಸರಸರನೆ ಹಿಂದೆ ಬಂದ. ಅಷ್ಟು ದೊಡ್ಡ ಆಳು ಅಷ್ಟು ಬೇಗ ನಡೆದದ್ದನ್ನು ನೋಡಿ ಯಾವುದೋ ಬಾಗಿಲಲ್ಲಿ ಮಕ್ಕಳು ನಕ್ಕವು. ಯಜಮಾನಿಗೆ ತನ್ನ ವಠಾರಕ್ಕೆ ಇನ್ನೊಬ್ಬನ ಮನೆಯ ನೀರು ಬಂದದ್ದು ಅವಮಾನವಾಗಿರಬೇಕು. ಒಳಗಿನಿಂದಲೇ, ನೀರು ನಾನೇ ಹಿಡಿದಿಡ್ತೀನಿ, ಅವಳು ನಲ್ಲಿ ಮುಟ್ಟೋದು ಬೇಡ ಅಷ್ಟೇ ಅಂದಳು. ಮನೆ ಖಾಲಿ ಮಾಡುವ ಮಾತನ್ನು ಅವಳು ಆಮೇಲೆ ಎತ್ತಲಿಲ್ಲ. ದೊಡ್ಡ ಮನಸ್ಸೇನಲ್ಲ, ಅರ್ಧ ಮನಸ್ಸು. ಆದರೆ ಆ ಅರ್ಧದಲ್ಲೇ ಜಯಮ್ಮನ ಮನೆ ಉಳಿಯಿತು.

ಅವತ್ತಿನಿಂದ ಪಾಠ ಆ ಅಂಗಳದಿಂದಲೇ ನಡೆಯಿತು. ಒಂದೊಂದಾಗಿ ಮಕ್ಕಳು ಮತ್ತೆ ಹೊಸ್ತಿಲಿಗೆ ಬಂದರು. ಸಂಜೆ ನನ್ನ ಮಗ್ಗಿ. ನನಗೂ ಮೈಕಿನ ರುಚಿ ಹತ್ತಿ ಗಂಟೆ ಮೀರಿದರೂ ಬಿಡುತ್ತಿರಲಿಲ್ಲವೆಂದು ಮಿಸ್ ಎಲ್ಲರೆದುರು ಆಡಿಕೊಂಡರು. ಜ್ವರವನ್ನು ಮುಚ್ಚಿಡುವುದು ಆ ಬೀದಿಯಲ್ಲಿ ನಿಂತುಹೋಯಿತು. ಇನ್ನಿಬ್ಬರು ಮಕ್ಕಳ ತಾಯಂದಿರು ತಾವಾಗಿಯೇ ಬಂದು ಹೇಳಿದರು, ಇಬ್ಬರಿಗೂ ಬೇಗ ಔಷಧಿ ಸಿಕ್ಕಿತು. ಒಬ್ಬ ಕಿಲಾಡಿ ಮಾತ್ರ ನಂಗೂ ಜ್ವರ ಮಿಸ್, ಮನೇಲೇ ಹಾಜರಿ ಹಾಕಿ ಎಂದು ಕೂಗಿ ಅವರಜ್ಜಿಯ ಕೈಲಿ ಪೆಟ್ಟು ತಿಂದ.

ಒಂದು ಬೆಳಿಗ್ಗೆ ನಮ್ಮ ಶಿಕ್ಷಣಾಧಿಕಾರಿಗಳು ಹೇಳದೆ ಕೇಳದೆ ಬಂದರು. ಬೀದಿಯ ತುದಿಯಲ್ಲೇ ಜೀಪು ನಿಲ್ಲಿಸಿ ನಡೆದುಕೊಂಡು ಬಂದು, ಪಾಠವನ್ನು ಪೂರ್ತಿ ಕೇಳಿದರು. ನಾನು ಜೇಬಿನಲ್ಲಿ ಕೈಯಿಟ್ಟುಕೊಂಡು ನಿಯಮಗಳನ್ನೆಲ್ಲ ನೆನಪು ಮಾಡಿಕೊಳ್ಳುತ್ತಿದ್ದೆ. ಪಾಠ ಮುಗಿದ ಮೇಲೆ ಅವರು ಇದಕ್ಕೆ ಯಾರ ಅನುಮತಿ ಎಂದು ಕೇಳಿದರು. ಗಣೇಶನದು ಸಾರ್, ಮೈಕು ಅವನದೇ ಅಂದರು ಮಿಸ್. ಅಧಿಕಾರಿಗಳ ಮುಖಕ್ಕೆ ಬಟ್ಟೆ ಕಟ್ಟಿತ್ತು, ಆದರೂ ನಕ್ಕದ್ದು ಕಣ್ಣಲ್ಲಿ ಗೊತ್ತಾಯಿತು. ಮನೆಯಲ್ಲಿದ್ದರೂ ಹಾಜರಿ ಅಂತೀರಲ್ಲ, ಅದು ಹೇಗೆ ಎಂದು ಅವರು ವಿಚಾರಿಸಿದರು, ಮಿಸ್ ಜಯಮ್ಮನ ಕತೆಯನ್ನು, ತಮ್ಮ ತಪ್ಪನ್ನೂ ಸೇರಿಸಿ, ಹೇಳಿದರು. ಅವರು ಹೂಂ ಅಂದು ಹೊರಟುಹೋದರು. ಶಾಲೆ ತೆರೆದ ಮೇಲೆ ನಮ್ಮ ವಲಯದ ಶಾಲೆಗಳಿಗೆಲ್ಲ ಒಂದು ಸೂಚನೆ ಬಂತು. ಜ್ವರದಿಂದ ಮನೆಯಲ್ಲಿರುವ ಮಗುವಿಗೆ ಹಾಜರಿಯಲ್ಲಿ ನಷ್ಟವಾಗಬಾರದು, ಶಿಕ್ಷಕರು ಅಂಥ ಮನೆಗಳನ್ನು ವಿಚಾರಿಸಿಕೊಳ್ಳಬೇಕು, ಕಾರಣವನ್ನು ತರಗತಿಯಲ್ಲಿ ಬಹಿರಂಗವಾಗಿ ಕೇಳಬಾರದು. ಇಲಾಖೆಯ ಗಟ್ಟಿ ಕನ್ನಡದಲ್ಲಿತ್ತು. ಆದರೆ ಅದನ್ನು ಓದಿದಾಗ ನಮಗೆ ವಠಾರದ ಅಂಗಳ, ಸ್ಟೂಲು ಎಲ್ಲ ಕಂಡವು.

ಪವಿತ್ರಳ ಪರೀಕ್ಷೆಯ ವರದಿ ಬರುವ ಹೊತ್ತಿಗೆ ಅವಳು ಅದೇ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಅದು ಆ ಜ್ವರವೋ ಬರೀ ಮಳೆಗಾಲದ ಜ್ವರವೋ ಎಂದು ಬೀದಿಯವರೆಲ್ಲ ಕೇಳಿದರು, ನಾನೂ ಕೇಳಿದೆ. ಮಿಸ್ ಜಯಮ್ಮನಿಗೆ ಬಿಟ್ಟು ಇನ್ನಾರಿಗೂ ಹೇಳಲಿಲ್ಲ. ನನಗೆ ತಿಳಿದಂತೆ ಅವರ ಹೊಟ್ಟೆಯಲ್ಲಿ ನಿಂತ ಗುಟ್ಟು ಅದೊಂದೇ.

ಆಮೇಲೆ ಅವರ ಹಾಜರಿ ಬದಲಾಯಿತು. ಯಾಕೆ ಬಂದಿಲ್ಲ ಎಂದು ಅವರು ಮತ್ತೆ ಕೇಳಿದ್ದನ್ನು ನಾನು ಕೇಳಲಿಲ್ಲ. ಖಾಲಿ ಜಾಗ ಕಂಡರೆ "ಯಾರು ನೋಡ್ಕೊಂಡು ಬರ್ತೀರಾ?" ಎಂದು ಕೇಳುತ್ತಿದ್ದರು. ಕೈಗಳು ಏಳುತ್ತಿದ್ದವು. ನನ್ನ ತರಗತಿಯಲ್ಲಿ ನಾನೂ ಹಾಗೇ ಕೇಳಲು ಶುರು ಮಾಡಿದೆ, ಅವರಿಂದ ಕಲಿತೆ ಎಂದು ಹೇಳಿಕೊಳ್ಳದೆ.

ಮುಂದಿನ ವರ್ಷ ಅವರ ನಿವೃತ್ತಿ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮುನಿರಾಜುವಿನ ಮೈಕು, ಮೇಜಿನ ಮೇಲೆ ಶಾಲು, ಹಣ್ಣಿನ ಬುಟ್ಟಿ. ಅಧಿಕಾರಿಗಳೂ ಬಂದು ಕೂತರು. ಮಧ್ಯದ ಕುರ್ಚಿ ಮಾತ್ರ ಖಾಲಿ. ಕೊನೆಗೆ ಅವರ ಪಕ್ಕದ ಮನೆಯವರು ಸುದ್ದಿ ತಂದರು. ಮಿಸ್‌ಗೆ ರಾತ್ರಿಯಿಂದ ಜ್ವರ. ಜ್ವರ ಬಂದವರು ಮನೆಯಲ್ಲಿರಬೇಕೆಂದು ಊರಿಗೆಲ್ಲ ಹೇಳಿ ನಾನೇ ಹೇಗೆ ಬರಲಿ, ನೀವು ಊಟ ಮಾಡಿ ಎಂದು ಹೇಳಿ ಕಳಿಸಿದ್ದಾರೆ. ಹೆಡ್‌ಮಾಸ್ಟರು ಕಾ‌ರ್ಯಕ್ರಮವನ್ನು ಮುಂದಕ್ಕೆ ಹಾಕೋಣ ಎಂದು ಅಧಿಕಾರಿಗಳ ಕಿವಿಯಲ್ಲಿ ಹೇಳುತ್ತಿದ್ದರು.

ಆಗ ಪವಿತ್ರ ಎದ್ದಳು. ಪ್ರಾರ್ಥನೆ ಹಾಡಬೇಕಾಗಿದ್ದವಳು ಅವಳೇ, ಹೊಸ ಲಂಗ ಹಾಕಿಕೊಂಡು ಬಂದಿದ್ದಳು. ಸೀದಾ ಮೈಕಿನ ಹತ್ತಿರ ಹೋಗಿ, ಎತ್ತರ ಸಾಲದೆ ತುದಿಗಾಲಲ್ಲಿ ನಿಂತು, "ನಮ್ ಮಿಸ್ ಬಂದಿಲ್ಲ. ಯಾರು ನೋಡ್ಕೊಂಡು ಬರ್ತೀರಾ?" ಎಂದು ಕೇಳಿದಳು.

ಅಂಗಳದಲ್ಲಿದ್ದ ಮಕ್ಕಳೆಲ್ಲ ಕೈ ಎತ್ತಿದವು. ಹಿಂದೆ ನಿಂತಿದ್ದ ತಾಯಂದಿರಲ್ಲೂ ಕೈಗಳು ಎದ್ದವು, ಜಯಮ್ಮನದು ಎಲ್ಲಕ್ಕಿಂತ ಮೇಲೆ. ನನ್ನ ಕೈಯೂ ಎದ್ದಿತ್ತು. ನಾನು ಅಧಿಕಾರಿಗಳ ಕಡೆ ನೋಡಿದೆ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಮುನಿರಾಜು ಮೈಕನ್ನೂ ಬ್ಯಾಟರಿಯನ್ನೂ ತಳ್ಳುಗಾಡಿಗೆ ಹಾಕಿಸಿದ. ಶಾಲೆ ಪೂರ್ತಿ ಬೀದಿಗಿಳಿದು ಅವರ ಮನೆಯ ಕಡೆ ಹೊರಟಿತು. ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆ ಬಂದೊಡನೆ ಅವು ಎದುರು ಸಾಲಿನ ಜಗಲಿಗಳ ಮೇಲೆ, ಹೊಸ್ತಿಲುಗಳ ಮೇಲೆ ಬಿಡಿಬಿಡಿಯಾಗಿ ಕೂತವು. ಅಧಿಕಾರಿಗಳಿಗೆ ಯಾವುದೋ ಮನೆಯ ಮೆಟ್ಟಿಲು ಸಿಕ್ಕಿತು. ಮಿಸ್ ಅಕ್ಕನಿಗೆ ಜ್ವರ ಅಂಟಬಾರದೆಂದು ಅವರನ್ನು ಹೊರಗಿನ ಜಗಲಿಯ ಆ ತುದಿಯಲ್ಲಿ ಕೂರಿಸಿದ್ದರು. ಸರಳಿನ ಕಿಟಕಿಯ ಹಿಂದೆ ಸ್ವೆಟರು ಹಾಕಿಕೊಂಡು, ತಲೆ ಬಾಚದೆ, ಮಿಸ್ ಬಂದು ನಿಂತರು. ಬಾಯಿ ತೆರೆದು ಏನೋ ಬೈದರು. ನಮಗೆ ಏನೂ ಕೇಳಿಸಲಿಲ್ಲ. ಜ್ವರಕ್ಕೆ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಆ ಗಂಟಲು ಇಲ್ಲದ ಮಿಸ್ ತೀರಾ ಸಣ್ಣಗೆ ಕಂಡರು.

ಶಾಲನ್ನು ಜಗಲಿಯ ಮೇಲೆ ಇಟ್ಟದ್ದಾಯಿತು. ಭಾಷಣ ಮಾಡಲು ಯಾರೂ ಮುಂದೆ ಬರಲಿಲ್ಲ. ಪವಿತ್ರ ತಳ್ಳುಗಾಡಿಯ ಪಕ್ಕ ನಿಂತು ಹಾಜರಿ ಶುರು ಮಾಡಿದಳು. ಮಕ್ಕಳ ಹೆಸರು, ಮುನಿರಾಜುವಿನ ಹೆಸರು, ತನ್ನ ಅಮ್ಮನ ಹೆಸರು. ಬಸವನಗುಡಿ ಸಾರ್ ಅಂದಾಗ ನಾನೂ ಎದ್ದು ನಿಂತು ಹಾಜರ್ ಅಂದೆ. ಕೊನೆಗೆ ಅವಳು ಕಿಟಕಿಯ ಕಡೆ ತಿರುಗಿದಳು.

"ನಮ್ ಮಿಸ್?"

 ಕಿಟಕಿಯಲ್ಲಿ ಮಿಸ್ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಮತ್ತೆ ಅಲ್ಲಾಡಿತು. ಜಗಲಿಯ ತುದಿಯಿಂದ ಅಕ್ಕ, ಯಾವತ್ತೂ ಏನೂ ಕೇಳಿಸದ ಅಕ್ಕ, ತಂಗಿಯ ತುಟಿಯನ್ನೇ ನೋಡುತ್ತಿದ್ದವರು, ನಮ್ಮ ಕಡೆ ತಿರುಗಿ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

"ಹಾಜರಂತೆ."